ಎದೆನೋವಿಗೆ ಮೂರು ರಾಜ್ಯ, ಫೈಲು ಒಂದೇ ಇರಲಿ

ಬೀದರ್ ಜಿಲ್ಲೆಯಲ್ಲಿ ಎದೆ ಹಿಡಿದುಕೊಂಡವರು ಹೋಗುವ ದಾರಿ ಊರಿಗೊಂದು. ಔರಾದಿನವರು ಉದಗೀರ್ ಇಲ್ಲವೇ ನಾಂದೇಡ್ ಕಡೆ ಮುಖ ಮಾಡುತ್ತಾರೆ. ಭಾಲ್ಕಿಯವರಿಗೆ ಉದಗೀರ್, ಲಾತೂರ್ ರೂಢಿ. ಬೀದರ್ ನಗರದವರಿಗೆ ಜಹೀರಾಬಾದ್ ದಾಟಿದರೆ ಹೈದರಾಬಾದ್. ಬೆಂಗಳೂರು ಇಲ್ಲಿಂದ ಏಳುನೂರು ಕಿಲೋಮೀಟರಿನಷ್ಟು ದೂರ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾದ ಮೇಲೆ ರಾಜ್ಯದೊಳಗೇ ಒಂದು ಹತ್ತಿರದ ದಾರಿ ತೆರೆದಿದೆ. ಆದರೂ ಒಬ್ಬರ ಎದೆನೋವು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರನ್ನೂ ಸುತ್ತಿ ಬರುವುದು ಇಲ್ಲಿ ಹೊಸದಲ್ಲ. ಹೀಗೆ ಸುತ್ತುವಾಗ ಜೊತೆಗಿರಬೇಕಾದ ಒಂದು ವಸ್ತು ಮಾತ್ರ ಎಷ್ಟೋ ಸಲ ಮನೆಯ ಅಲಮಾರಿನಲ್ಲೇ ಉಳಿದುಬಿಡುತ್ತದೆ. ಅದು ಹಿಂದಿನ ಪರೀಕ್ಷೆಯ ಸಿ.ಡಿ.

ಸಿ.ಡಿ. ಇಲ್ಲದಿದ್ದರೆ ಹೊಸ ಊರಿನ ಡಾಕ್ಟರು ಏನು ಮಾಡಬೇಕು? ಹೊಸದಾಗಿ ಮಾಡಿಸಿ ಅನ್ನುತ್ತಾರೆ. ಹೋದ ತಿಂಗಳು ಒಂದು ಊರಿನಲ್ಲಿ ಆದ ಸಿ.ಟಿ. ಆಂಜಿಯೋ ಈ ತಿಂಗಳು ಇನ್ನೊಂದು ಊರಿನಲ್ಲಿ ಮತ್ತೆ ಆಗುತ್ತದೆ. ದುಡ್ಡು ಹೋಯಿತೆಂದು ಮನೆಯವರು ಮರುಗುತ್ತಾರೆ. ದುಡ್ಡಿನ ಜೊತೆ ಇನ್ನೊಂದು ಲೆಕ್ಕವೂ ಏರಿತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅದು ಮೈಮೇಲೆ ಬಿದ್ದ ವಿಕಿರಣದ ಲೆಕ್ಕ.

ಗಮನಕ್ಕೆ ಬಂದರೆ ಇನ್ನೊಂದು ತೊಂದರೆ. ‘ಆಂಜಿಯೋಗ್ರಾಂ ಮಾಡಿಸಿದ್ರ ಕ್ಯಾನ್ಸರ್ ಬರ್ತದಂತ, ಖರೇ ಏನ್ರಿ?’ ಎಂದು ಕೇಳುವವರಿದ್ದಾರೆ. ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ನೋಡಿ ಹೃದಯಾಘಾತ ಆದವರನ್ನೂ ಆಸ್ಪತ್ರೆಯಿಂದ ವಾಪಸ್ ಕರೆತರುವವರಿದ್ದಾರೆ. ಲೆಕ್ಕವೇ ಇಲ್ಲದೆ ಮಾಡಿಸುವುದು ಎಷ್ಟು ತಪ್ಪೋ, ಅಂಜಿ ಮಾಡಿಸದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗಾಗಿ ಹೃದಯದ ಯಾವ ಪರೀಕ್ಷೆಯಲ್ಲಿ ಎಷ್ಟು ವಿಕಿರಣ, ಅದರಿಂದ ಎಷ್ಟು ಅಪಾಯ ಎಂದು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲಿಗೆ, ವಿಕಿರಣ ಇಲ್ಲವೇ ಇಲ್ಲದ ಪರೀಕ್ಷೆಗಳು. ಇಸಿಜಿ ಹೃದಯದಿಂದ ಹೊರಬರುವ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ, ಮೈಗೆ ಏನನ್ನೂ ಬಿಡುವುದಿಲ್ಲ. ಟು-ಡಿ ಎಕೋ ಶಬ್ದದ ಅಲೆಗಳಿಂದ ನಡೆಯುತ್ತದೆ, ಬಸುರಿಯರ ಹೊಟ್ಟೆ ಸ್ಕ್ಯಾನ್ ಮಾಡುವುದೂ ಅದೇ ವಿಧಾನದಲ್ಲಿ. ಓಡುವ ಪಟ್ಟಿಯ ಮೇಲೆ ನಡೆಸುವ ಟಿಎಂಟಿ ಎಂದರೆ ಇಸಿಜಿಯೇ, ನಡಿಗೆ ಜೊತೆಗೆ. ಎಂಆರ್‌ಐಯಲ್ಲಿ ಇರುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ಈ ನಾಲ್ಕನ್ನು ಎಷ್ಟು ಸಲ ಮಾಡಿಸಿದರೂ ವಿಕಿರಣದ ಖಾತೆಯಲ್ಲಿ ಸೊನ್ನೆ.

ವಿಕಿರಣ ಇರುವವು ಬೇರೆ: ಎದೆಯ ಎಕ್ಸ್‌ರೇ, ಸಿ.ಟಿ. ಯಂತ್ರದಲ್ಲಿ ಮಾಡುವ ಕ್ಯಾಲ್ಸಿಯಂ ಸ್ಕೋರ್ ಮತ್ತು ಸಿ.ಟಿ. ಆಂಜಿಯೋ, ಕೈ ಅಥವಾ ತೊಡೆಯ ರಕ್ತನಾಳದಿಂದ ನಳಿಕೆ ಹಾಕಿ ಮಾಡುವ ಆಂಜಿಯೋಗ್ರಾಂ, ಅದರ ಮುಂದುವರಿಕೆಯಾದ ಆಂಜಿಯೋಪ್ಲಾಸ್ಟಿ, ಮತ್ತು ಜನ ಇಂದಿಗೂ ‘ಥ್ಯಾಲಿಯಂ ಟೆಸ್ಟ್’ ಎಂದೇ ಕರೆಯುವ ನ್ಯೂಕ್ಲಿಯರ್ ಸ್ಕ್ಯಾನ್.

ಇವನ್ನು ಅಳೆಯುವ ಮಾನ ಮಿಲಿಸೀವರ್ಟ್. ಅಳತೆ ಮನಸ್ಸಿಗೆ ಹತ್ತಬೇಕಾದರೆ ಒಂದು ಸಂಗತಿ ನೆನಪಿಟ್ಟರೆ ಸಾಕು. ನೆಲ, ಗಾಳಿ, ಆಕಾಶ, ಉಣ್ಣುವ ಅನ್ನ ಇವೆಲ್ಲದರಿಂದ ಜಗತ್ತಿನ ಮನುಷ್ಯನೊಬ್ಬ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಪಡೆಯುತ್ತಲೇ ಇರುತ್ತಾನೆ. ಊರಿಂದೂರಿಗೆ ಇದು ಬೇರೆ. ಭಾಲ್ಕಿ, ಔರಾದಿನ ಕರಿನೆಲದ ಕೆಳಗಿರುವ ದಖ್ಖನ್ನಿನ ಬಸಾಲ್ಟ್ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಕಡಿಮೆ. ದಕ್ಷಿಣ ಕರ್ನಾಟಕದ ಗ್ರಾನೈಟಿನಲ್ಲಿ ಹೆಚ್ಚು. ಮಂಗಳೂರು ಹತ್ತಿರದ ಉಳ್ಳಾಲದ ಕಡಲತೀರದಲ್ಲಿ, ಕೇರಳದ ಕೊಲ್ಲಂ ಕರಾವಳಿಯಲ್ಲಿ ಮೋನಝೈಟ್ ಮರಳಿನಿಂದಾಗಿ ಇನ್ನೂ ಹೆಚ್ಚು.

ಈಗ ಪರೀಕ್ಷೆಗಳಿಗೆ ಬರೋಣ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್, ಅಂದರೆ ಮೂರು ನಾಲ್ಕು ದಿನ ಭೂಮಿಯ ಮೇಲೆ ಸುಮ್ಮನೆ ಬದುಕಿದರೆ ಬರುವಷ್ಟು. ಕ್ಯಾಲ್ಸಿಯಂ ಸ್ಕೋರಿಗೆ ಸುಮಾರು 1. ಒಳ್ಳೆಯ ಯಂತ್ರದಲ್ಲಿ, ಸರಿಯಾಗಿ ಮಾಡಿದ ಸಿ.ಟಿ. ಆಂಜಿಯೋಗೆ 2ರಿಂದ 5. ಹಳೆಯ ಯಂತ್ರ, ಹಳೆಯ ವಿಧಾನವಾದರೆ 10 ದಾಟಬಹುದು. ನಳಿಕೆ ಹಾಕುವ ಆಂಜಿಯೋಗ್ರಾಂಗೆ 5ರಿಂದ 7ರ ಆಸುಪಾಸು. ಸ್ಟೆಂಟ್ ಕೂರಿಸುವ ಆಂಜಿಯೋಪ್ಲಾಸ್ಟಿ ಸಾಮಾನ್ಯವಾಗಿ 10ರಿಂದ 15, ಬ್ಲಾಕ್ ಜಟಿಲವಾದರೆ ಇನ್ನೂ ಹೆಚ್ಚು. ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಬಳಸಿದರೆ 10ರ ಸುತ್ತಮುತ್ತ. ನಿಜವಾದ ಥ್ಯಾಲಿಯಂ ಬಳಸಿದರೆ 15ಕ್ಕಿಂತ ಮೇಲೆ.

ಇದರಿಂದ ಅಪಾಯವೆಷ್ಟು? ಹಿರೋಷಿಮಾ, ನಾಗಸಾಕಿಯ ಬಾಂಬಿನಿಂದ ಬದುಕುಳಿದವರ ಆರೋಗ್ಯವನ್ನು 1950ರಿಂದ ಬೆನ್ನುಹತ್ತಿ ದಾಖಲಿಸುತ್ತ ಬಂದಿದ್ದಾರೆ. ಇಂದಿನ ಲೆಕ್ಕಾಚಾರದ ತಳಪಾಯ ಆ ದಾಖಲೆ. ಅದರ ಪ್ರಕಾರ 10 ಮಿಲಿಸೀವರ್ಟ್ ಪಡೆದ ಎರಡು ಸಾವಿರ ಜನರಲ್ಲಿ ಮುಂದೆ ಎಂದೋ ಒಬ್ಬರು ಆ ಕಾರಣದಿಂದ ಕ್ಯಾನ್ಸರ್ ಬಂದು ಸಾಯಬಹುದು. ಈ ಅಂಕಿಯನ್ನು ಒಂಟಿಯಾಗಿ ಓದಿದರೆ ಎದೆ ಝಲ್ಲೆನ್ನುತ್ತದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜನ್ನು ಪಕ್ಕಕ್ಕಿಟ್ಟು ಓದಿ: ಭಾರತದಲ್ಲಿ ಒಂಬತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಇದೆ. ಅಂದರೆ ಅದೇ ಎರಡು ಸಾವಿರ ಜನರಲ್ಲಿ ಯಾವ ಸ್ಕ್ಯಾನೂ ಇಲ್ಲದೆ ಇನ್ನೂರಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಬರಲಿದೆ. ತಂಬಾಕು ಜಗಿಯುವವರಿಗೆ, ಬೀಡಿ ಸೇದುವವರಿಗೆ ಆ ಪಾಲು ಇನ್ನೂ ದೊಡ್ಡದು. ಗುಟ್ಕಾ ಉಗುಳಿ ಬಂದು ಸ್ಕ್ಯಾನಿಗೆ ಅಂಜುವುದು ಲೆಕ್ಕ ತಪ್ಪಿದ ಅಂಜಿಕೆ.

ಇಷ್ಟು ಕಡಿಮೆ ಪ್ರಮಾಣದಲ್ಲಿ ನಿಜಕ್ಕೂ ಅಪಾಯ ಇದೆಯೇ ಎಂಬ ವಾದ ತಜ್ಞರ ನಡುವೆ ಮುಗಿದಿಲ್ಲ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯಲ್ಲಿ ತಲೆಮಾರುಗಳಿಂದ ಹೆಚ್ಚು ವಿಕಿರಣದ ಮರಳಿನ ಮೇಲೆ ಬದುಕಿದವರನ್ನು ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬರಲಿಲ್ಲ. ಆದರೂ ವೈದ್ಯಲೋಕ ಎಚ್ಚರಿಕೆಯ ಪಕ್ಷದಲ್ಲೇ ನಿಂತಿದೆ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬುದು ಅದರ ನಿಯಮ.

ಅಪಾಯ ಎಲ್ಲರಿಗೂ ಸಮನಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಅಮೆರಿಕದ ಆಂಡ್ರ್ಯೂ ಐನ್‌ಸ್ಟೈನ್ ಮತ್ತು ಸಂಗಡಿಗರು 2007ರಲ್ಲಿ ಆ ಕಾಲದ ಸಿ.ಟಿ. ಆಂಜಿಯೋಗೆ ಲೆಕ್ಕ ಹಾಕಿದರು. 80 ವರ್ಷದ ಗಂಡಸಿಗೆ ಅದರಿಂದ ಕ್ಯಾನ್ಸರ್ ಬರುವ ಸಾಧ್ಯತೆ 3,261ರಲ್ಲಿ ಒಂದು. 20 ವರ್ಷದ ಹೆಣ್ಣುಮಗಳಿಗೆ 143ರಲ್ಲಿ ಒಂದು. ಕಾರಣ ಎರಡು. ಹರೆಯದ ಜೀವಕೋಶಗಳಿಗೆ ವಿಕಿರಣ ಬೇಗ ತಾಗುತ್ತದೆ, ಮತ್ತು ಕ್ಯಾನ್ಸರ್ ಬೆಳೆಯಲು ಬೇಕಾದ ಇಪ್ಪತ್ತು ಮೂವತ್ತು ವರ್ಷದ ಆಯುಸ್ಸು ಅವರ ಮುಂದಿದೆ. ಹೆಣ್ಣುಮಕ್ಕಳಲ್ಲಿ ಹೃದಯದ ಮೇಲೆ ಬೀಳುವ ಕಿರಣ ಸ್ತನದ ಮೂಲಕವೇ ಹಾಯುತ್ತದೆ. ಆಗಿನಿಂದ ಯಂತ್ರಗಳು ಬಹಳ ಸುಧಾರಿಸಿವೆ. ಹಲವು ದೇಶಗಳ ಆಸ್ಪತ್ರೆಗಳನ್ನು ಸೇರಿಸಿ ನೋಡಿದ ಸಮೀಕ್ಷೆಯೊಂದರಲ್ಲಿ 2007ರಿಂದ 2017ರ ನಡುವೆ ಸಿ.ಟಿ. ಆಂಜಿಯೋದ ವಿಕಿರಣ ಶೇ 78ರಷ್ಟು ಇಳಿದಿತ್ತು. ಒಂದೊಂದು ಕಡೆಯ ಅಂಕಿ ಮಾತ್ರ ಒಂದೊಂದು ಥರ.

ಯಾಕೆ ಹೀಗೆ ಎಂದು ತಿಳಿಯಲು ಸಿ.ಟಿ. ಕೋಣೆಯೊಳಗೆ ಹೋಗಿ ನೋಡಬೇಕು. ಹೃದಯ ಸದಾ ಕುಣಿಯುವ ಅಂಗ. ಬಡಿತ ನಿಮಿಷಕ್ಕೆ ಅರವತ್ತರ ಹತ್ತಿರ ಇದ್ದರೆ ಎರಡು ಬಡಿತದ ನಡುವೆ ಅದು ತುಸು ಹೊತ್ತು ನಿಶ್ಚಲವಾಗುತ್ತದೆ. ಯಂತ್ರ ಇಸಿಜಿ ನೋಡಿಕೊಂಡು ಆ ಕ್ಷಣದಲ್ಲಷ್ಟೇ ಕಿರಣ ಬಿಡುತ್ತದೆ. ಬಡಿತ ತೊಂಬತ್ತಿದ್ದರೆ ಆ ಬಿಡುವು ಸಿಗುವುದಿಲ್ಲ. ಯಂತ್ರ ಬಡಿತದುದ್ದಕ್ಕೂ ಕಿರಣ ಬಿಡುತ್ತಲೇ ಇರಬೇಕಾಗುತ್ತದೆ, ಪ್ರಮಾಣ ಹಲವು ಪಟ್ಟು ಏರುತ್ತದೆ. ಅದಕ್ಕೇ ಪರೀಕ್ಷೆಗೆ ಮುಂಚೆ ಬಡಿತ ಇಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ಕೊಟ್ಟು ಕಾಯಿಸುತ್ತಾರೆ, ಚಹಾ ಕಾಫಿ ಬೇಡವೆನ್ನುತ್ತಾರೆ. ಔರಾದಿನಿಂದ ನಸುಕಿನ ಬಸ್ಸು ಹಿಡಿದು, ದಾರಿಯಲ್ಲಿ ಎರಡು ಕಡೆ ಚಹಾ ಕುಡಿದು, ಆಸ್ಪತ್ರೆಯ ಮೆಟ್ಟಿಲು ಓಡಿ ಹತ್ತಿ ನೇರ ಮಂಚದ ಮೇಲೆ ಮಲಗಿದವರ ಬಡಿತ ಎಷ್ಟಿರುತ್ತದೆ? ‘ಒಂದು ತಾಸು ಕೂಡ್ರಿ’ ಎಂದು ಅಲ್ಲಿನವರು ಹೇಳಿದರೆ ಅದು ಸತಾಯಿಸಲಿಕ್ಕೆ ಅಲ್ಲ. ಆ ಒಂದು ತಾಸು ನಿಮ್ಮ ಮೇಲೆ ಬೀಳುವ ವಿಕಿರಣವನ್ನು ಇಳಿಸುತ್ತದೆ.

ಪರೀಕ್ಷೆ ಮುಗಿದ ಮೇಲೆ ಚಿತ್ರಗಳ ಜೊತೆ ಯಂತ್ರ ಒಂದು ಪುಟ ಬರೆದಿಡುತ್ತದೆ. ಸಾಮಾನ್ಯವಾಗಿ ಅದನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಸಾಲು ಸಾಲು ಅಂಕಿ, ಕೊನೆಗೆ ಒಟ್ಟು ಡಿಎಲ್‌ಪಿ ಎಂದಿರುತ್ತದೆ. ಆ ಅಂಕಿಯನ್ನು 0.014ರಿಂದ ಗುಣಿಸಿದರೆ ಮಿಲಿಸೀವರ್ಟಿನ ಅಂದಾಜು ಸಿಗುತ್ತದೆ. ಡಿಎಲ್‌ಪಿ 200 ಇದ್ದರೆ 2.8. ಅದೇ 800 ಇದ್ದರೆ 11.2. ಹೃದಯಕ್ಕೆಂದೇ ಲೆಕ್ಕ ಹಾಕುವ ಕೆಲವರು ಇದಕ್ಕಿಂತ ದೊಡ್ಡ ಗುಣಕ ಬಳಸುತ್ತಾರೆ, ಆದರೆ ಎರಡು ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಲು ಇದು ಸಾಕು. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇರುವ ಯಾವ ಹುಡುಗನಾದರೂ ಅಪ್ಪನ ವರದಿಗೆ ಈ ಲೆಕ್ಕ ಹಾಕಬಹುದು.

ನಳಿಕೆ ಹಾಕಿ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್‌ನ ರೀತಿ ಬೇರೆ. ಎಕ್ಸ್‌ರೇ ಕೊಳವೆ ಮಂಚದ ಕೆಳಗೆ, ಚಿತ್ರ ಹಿಡಿಯುವ ಫಲಕ ಎದೆಯ ಮೇಲೆ. ಡಾಕ್ಟರು ಕಾಲಿನಿಂದ ಪೆಡಲ್ ಒತ್ತಿದಾಗಷ್ಟೇ ಕಿರಣ. ಕಾಲು ತೆಗೆದರೆ ನಿಂತುಹೋಗುತ್ತದೆ. ಆಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ನಾಳಕ್ಕೆ ಬಿಡುವ ಡೈ ವಿಕಿರಣದ್ದಲ್ಲ, ಅಯೋಡಿನ್‌ನದ್ದು. ಅದರ ಅಪಾಯ ಕಿಡ್ನಿಗೆ, ಅಲರ್ಜಿಗೆ ಸಂಬಂಧಿಸಿದ್ದು. ಅದಕ್ಕೇ ಮೊದಲು ಕ್ರಿಯಾಟಿನಿನ್ ನೋಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ತಾವು ನುಂಗುವ ಮಾತ್ರೆಯ ಹೆಸರು ಹೇಳಲೇಬೇಕು.

‘ಅವರು ಸೀಸದ ಕೋಟು ಹಾಕ್ಕೋತಾರ, ನಮಗ ಬರೇ ಒಂದು ಚಾದರ’ ಎಂದು ರೋಗಿಗಳು ಗೊಣಗುವುದು ನ್ಯಾಯವೇ. ಉತ್ತರವೂ ಇದೆ. ರೋಗಿ ಆ ಮಂಚದ ಮೇಲೆ ಮಲಗುವುದು ಒಂದೆರಡು ಸಲ. ಡಾಕ್ಟರು, ನರ್ಸು, ತಂತ್ರಜ್ಞರು ಅದರ ಪಕ್ಕದಲ್ಲಿ ವರ್ಷಗಟ್ಟಲೆ ದಿನವೂ ನಿಲ್ಲುತ್ತಾರೆ. ಕಣ್ಣಿನ ಪೊರೆ ಅವರಲ್ಲಿ ಬೇಗ ಬರುವುದು ಗೊತ್ತಿರುವ ಸಂಗತಿ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಈ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಎಂದು ಮಿತಿ ಇಟ್ಟಿದೆ. ಅವರ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಆ ಲೆಕ್ಕ ಇಡುತ್ತದೆ. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1. ರೋಗಿಗೆ ಮಾತ್ರ ಮಿತಿಯೇ ಇಲ್ಲ. ಜೀವ ಉಳಿಸುವ ಪರೀಕ್ಷೆಯನ್ನು ಅಂಕಿಯೊಂದು ಅರ್ಧಕ್ಕೆ ನಿಲ್ಲಿಸಬಾರದು ಎಂಬುದು ಅದರ ಹಿಂದಿನ ವಿಚಾರ. ಮಿತಿ ಇಲ್ಲದ ಕಡೆ ವಿವೇಚನೆಯೇ ಕಾವಲು. ಪರೀಕ್ಷೆ ಬೇಕೇ ಎಂದು ನಿರ್ಧರಿಸುವುದು, ಬೇಕಾದರೆ ಎಷ್ಟು ಕಡಿಮೆಯಲ್ಲಿ ಮುಗಿಸಬಹುದು ಎಂದು ನೋಡುವುದು ಡಾಕ್ಟರ ಹೊಣೆ.

ಆಂಜಿಯೋಪ್ಲಾಸ್ಟಿ ಬಹಳ ಹೊತ್ತು ಹಿಡಿದವರು ಒಂದು ವಿಷಯ ತಿಳಿದಿರಬೇಕು. ಪೂರ್ತಿ ಮುಚ್ಚಿದ ನಾಳ ತೆರೆಯಲು ಒಂದೇ ಕೋನದಿಂದ ತಾಸುಗಟ್ಟಲೆ ಕಿರಣ ಬಿದ್ದರೆ ಬೆನ್ನಿನ ಚರ್ಮ ಕೆಂಪಾಗಬಹುದು, ಅಪರೂಪಕ್ಕೆ ಹುಣ್ಣಾಗಬಹುದು. ಅದು ಕಾಣಿಸುವುದು ಎರಡು ಮೂರು ವಾರದ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ. ಅಷ್ಟರಲ್ಲಿ ರೋಗಿ ಹೈದರಾಬಾದಿನಿಂದ ಭಾಲ್ಕಿಯ ಹಳ್ಳಿಗೆ ಮರಳಿರುತ್ತಾರೆ. ಬೆನ್ನಿನ ಕೆಂಪು ಕಲೆಯನ್ನು ಹಾಸಿಗೆ ಹುಣ್ಣೆಂದೋ ಗಜಕರ್ಣವೆಂದೋ ತಿಳಿದು ಮುಲಾಮು ಹಚ್ಚುತ್ತ ಕೂರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡ ಸಂಗತಿಯನ್ನು ಚರ್ಮದ ಡಾಕ್ಟರಿಗೆ ಹೇಳಿದರೆ, ಮಾಡಿದ ಆಸ್ಪತ್ರೆಗೂ ಒಂದು ಫೋನ್ ಮಾಡಿದರೆ ಅರ್ಧ ಕೆಲಸ ಆದಂತೆ.

ನ್ಯೂಕ್ಲಿಯರ್ ಸ್ಕ್ಯಾನ್ ಒಂದರಲ್ಲಿ ಮಾತ್ರ ವಿಕಿರಣದ ಮೂಲ ಮೈಯೊಳಗೇ ಹೋಗುತ್ತದೆ. ಟೆಕ್ನೀಷಿಯಂ ಆರು ತಾಸಿಗೊಮ್ಮೆ ಅರ್ಧವಾಗುತ್ತ ಒಂದು ದಿನದಲ್ಲಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಥ್ಯಾಲಿಯಂ ಅರ್ಧವಾಗಲು ಮೂರು ದಿನ ಬೇಕು. ಹಾಗಾಗಿ ಆ ಸ್ಕ್ಯಾನ್ ಆದವರು ನೀರು ಚೆನ್ನಾಗಿ ಕುಡಿಯಬೇಕು. ಆಸ್ಪತ್ರೆಯವರು ಹೇಳಿದಷ್ಟು ಹೊತ್ತು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಬಸುರಿಯರಿಂದ ದೂರ ಇರಬೇಕು. ಶ್ರಮದ ನಂತರದ ಚಿತ್ರಗಳು ಮೊದಲೇ ಚೆನ್ನಾಗಿ ಬಂದರೆ ವಿಶ್ರಾಂತಿಯ ಚಿತ್ರ ಬೇಕಾಗುವುದಿಲ್ಲ, ವಿಕಿರಣವೂ ಕಡಿಮೆಯಾಗುತ್ತದೆ. ಇದು ಸಾಧ್ಯವೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಗರ್ಭಿಣಿಯಾಗಿರಬಹುದು ಎಂಬ ಅನುಮಾನ ಇದ್ದ ಹೆಣ್ಣುಮಕ್ಕಳು ಅತ್ತೆ ಮಾವ ಪಕ್ಕದಲ್ಲಿದ್ದಾರೆಂದು ನಾಚಿ ಸುಮ್ಮನಿರಬಾರದು. ಯಾವ ಸ್ಕ್ಯಾನಿಗೂ ಮೊದಲು ಹೇಳಬೇಕಾದ ಮಾತು ಅದು.

ಅಗತ್ಯವೇ ಇಲ್ಲದ ಪರೀಕ್ಷೆ ಎಲ್ಲಿ ಹುಟ್ಟುತ್ತದೆ? ಹಲವು ಸಲ ಭಯದಲ್ಲಿ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಏನೂ ಕಾಯಿಲೆ ಇಲ್ಲದವರ ಸಾಲು ಬೆಳೆಯಿತು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆ ಆಗಿಲ್ಲ ಎಂದು ವರದಿ ಕೊಟ್ಟಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಅಲ್ಲಿ ಕಂಡವು. ಭಯಕ್ಕೆ ಬಿಪಿ, ಸಕ್ಕರೆ, ಕೊಬ್ಬಿನ ತಪಾಸಣೆ ಮತ್ತು ಇಸಿಜಿ ಮದ್ದು. ಎದೆನೋವು, ಏದುಸಿರು ಏನೂ ಇಲ್ಲದ ಮೂವತ್ತರ ಯುವಕನಿಗೆ ‘ಪ್ಯಾಕೇಜ್’ನಲ್ಲಿ ಸಿ.ಟಿ. ಆಂಜಿಯೋ ಸೇರಿಸುವುದು ಮದ್ದಲ್ಲ.

ನೋವು ಇದ್ದರೂ ಅದು ಬಹುಕಾಲದ್ದು, ನಡೆದರೆ ಬಂದು ನಿಂತರೆ ಹೋಗುವ ಸ್ಥಿರವಾದ ನೋವಾದರೆ ಅವಸರವಿಲ್ಲ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಮೇಲೆ ನಡೆದ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಂಥ ಸ್ಥಿರ ನೋವಿನವರಲ್ಲಿ ಮೊದಲೇ ನಳಿಕೆ ಹಾಕಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ ಮೊದಲು ಔಷಧಿಯಲ್ಲೇ ನೋಡಿಕೊಂಡವರಿಗೂ ಸಾವು, ಹೃದಯಾಘಾತದ ವಿಷಯದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಔಷಧಿಯಲ್ಲಿ ನೋವು ಹತೋಟಿಗೆ ಬಾರದವರಿಗೆ, ಎಡಭಾಗದ ಮುಖ್ಯ ನಾಳದಲ್ಲೇ ಬ್ಲಾಕ್ ಇರುವವರಿಗೆ ಮಾತು ಬೇರೆ. ಉಳಿದವರಿಗೆ ಯೋಚಿಸಲು, ಕೇಳಲು ಸಮಯವಿದೆ.

ಹೃದಯಾಘಾತ ಆಗುತ್ತಿರುವಾಗ ಮಾತ್ರ ಆ ಸಮಯವಿಲ್ಲ. ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ರಾಜ್ಯದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹಂತಹಂತವಾಗಿ ತಂದಿರುವುದು ಇದಕ್ಕಾಗಿಯೇ. ಅಲ್ಲಿನ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದರ ಮುಂದಿನ ಹೆಜ್ಜೆ ಆಂಜಿಯೋಗ್ರಾಂ ಆದರೆ ವಿಕಿರಣದ ಹೆಸರು ಹೇಳಿ ಬೇಡವೆನ್ನಬೇಡಿ. ಇಪ್ಪತ್ತು ವರ್ಷದ ನಂತರ ಎರಡು ಸಾವಿರದಲ್ಲಿ ಒಬ್ಬರಿಗೆ ಬರಬಹುದಾದ ಕಾಯಿಲೆಗೆ ಅಂಜಿ ಇವತ್ತಿನ ಜೀವ ಕಳೆದುಕೊಳ್ಳುವುದು ಜಾಣತನವಲ್ಲ.

ಮತ್ತೆ ಫೈಲಿನ ಮಾತು. ಗಡಿ ಜಿಲ್ಲೆಯ ನಮಗೆ ಇದು ಉಳಿದವರಿಗಿಂತ ಹೆಚ್ಚು ಮುಖ್ಯ. ವರದಿ ಕನ್ನಡ ನಾಡಿನದ್ದಿರಲಿ, ಮರಾಠಿ ತೆಲುಗು ನಾಡಿನದ್ದಿರಲಿ, ಅದು ಇಂಗ್ಲಿಷಿನಲ್ಲೇ ಇರುತ್ತದೆ. ಸಿ.ಡಿ.ಯಲ್ಲಿರುವ ಡೈಕಾಮ್ ಚಿತ್ರವನ್ನು ಯಾವ ಊರಿನ ಆಸ್ಪತ್ರೆಯ ಕಂಪ್ಯೂಟರ್ ಆದರೂ ತೆರೆಯುತ್ತದೆ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋ ಆ ಕೆಲಸಕ್ಕೆ ಬಾರದು. ಆಂಜಿಯೋಗ್ರಾಂ ಆದ ದಿನವೇ ಅದರ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಹದಿನಾಲ್ಕು ಅಂಕಿಯ ‘ಆಭಾ’ ಆರೋಗ್ಯ ಸಂಖ್ಯೆ ಮೂರೂ ರಾಜ್ಯಗಳಲ್ಲಿ ನಡೆಯುತ್ತದೆ. ಅದನ್ನು ಮಾಡಿಸಿಕೊಂಡು ವರದಿಗಳನ್ನು ಅದಕ್ಕೆ ಜೋಡಿಸಿ. ಡಾಕ್ಟರುಗಳಲ್ಲೂ ಒಂದು ವಿನಂತಿ. ಬೇರೆ ಊರಿನ ಸಿ.ಡಿ. ಎಂದು ಬದಿಗಿಡಬೇಡಿ, ಒಮ್ಮೆ ತೆರೆದು ನೋಡಿ.

ಹೊಸ ಪರೀಕ್ಷೆ ಬರೆದುಕೊಟ್ಟಾಗ ರೋಗಿಯ ಕಡೆಯವರು ಮೂರು ಮಾತು ಕೇಳಲಿ. ಇದರ ಫಲಿತಾಂಶದಿಂದ ನಮ್ಮ ಚಿಕಿತ್ಸೆ ಬದಲಾಗುತ್ತದೆಯೇ? ವಿಕಿರಣ ಇಲ್ಲದ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲವೇ? ಹೋದ ಸಲದ ಚಿತ್ರ ಇಲ್ಲಿದೆ, ಇದು ಸಾಲದೇ? ವಿನಯದಿಂದ ಕೇಳಿದರೆ ಒಳ್ಳೆಯ ಡಾಕ್ಟರು ಉತ್ತರ ಕೊಡುತ್ತಾರೆ. ಉತ್ತರ ಸಮಾಧಾನ ತಂದರೆ ಧೈರ್ಯವಾಗಿ ಮಾಡಿಸಿ. ಬೇಕಾದ ಪರೀಕ್ಷೆಯನ್ನು ಬಿಡಬೇಡಿ, ಆದ ಪರೀಕ್ಷೆಯನ್ನು ಕಾರಣವಿಲ್ಲದೆ ಮತ್ತೆ ಮಾಡಿಸಬೇಡಿ.